ಒಂಬತ್ತೂವರೆಯಿಂದ ಹನ್ನೊಂದೂವರೆಗೆ

ನಮ್ಮ ಮನೆಯ ಬೊಲೆರೊ ಪಿಕಪ್ 2011ರ ಮಾಡೆಲ್. 2019ರಲ್ಲಿ ನಾನು ಕೊಳ್ಳುವ ಹೊತ್ತಿಗೇ ಅದು ಇಬ್ಬರು ಮಾಲೀಕರ ಕೈ ದಾಟಿ ಬಂದಿತ್ತು. ಚನ್ನರಾಯಪಟ್ಟಣದ ಬಳಿಯ ನಮ್ಮೂರಿನಿಂದ ಆಲೂಗಡ್ಡೆಯನ್ನೋ ತರಕಾರಿಯನ್ನೋ ತುಂಬಿಕೊಂಡು ಅದು ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿಬರುತ್ತದೆ. ಓಡಿಸುವವನು ನನ್ನ ಅಕ್ಕನ ಮಗ. ಡೀಸೆಲ್ ಲೆಕ್ಕ ಬರೆಯುವವನು ನಾನು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿ, ಲೀಟರಿನ ಬೆಲೆ 91 ರೂಪಾಯಿಯ ಆಸುಪಾಸಿಗೆ ಬಂದು ನಿಂತ ಮೇಲೆ, ಅದುವರೆಗೆ ಕಣ್ಣಾಡಿಸಿ ಬಿಡುತ್ತಿದ್ದ ಆ ಲೆಕ್ಕದ ಪುಸ್ತಕವನ್ನು ನಾನು ಗಮನವಿಟ್ಟು ಓದತೊಡಗಿದೆ. ಗಾಡಿ ಲೀಟರಿಗೆ ಒಂಬತ್ತೂವರೆ ಕಿಲೋಮೀಟರ್ ಕೂಡ ಕೊಡುತ್ತಿರಲಿಲ್ಲ. ಇದೇ ವಯಸ್ಸಿನ, ಇದೇ ಬಗೆಯ ಗಾಡಿ ಇಟ್ಟುಕೊಂಡಿರುವ ಪಕ್ಕದೂರಿನವರು ಹನ್ನೊಂದು, ಹನ್ನೆರಡು ಎನ್ನುತ್ತಿದ್ದರು.

ಅಕ್ಕನ ಮಗ ತನಗೆ ತೋಚಿದ ಪರಿಹಾರವನ್ನು ಆಗಲೇ ಮಾಡಿದ್ದ. ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತವೊಂದನ್ನು ಸಾವಿರದ ಇನ್ನೂರು ರೂಪಾಯಿ ಕೊಟ್ಟು ತರಿಸಿ, ನನಗೆ ಹೇಳದೆ ಕಟ್ಟಿಬಿಟ್ಟಿದ್ದ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೈಲೇಜ್ ಹೆಚ್ಚಿಸುತ್ತೇವೆನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ. ಅವುಗಳಲ್ಲಿ ಅಲ್ಪಸ್ವಲ್ಪವಾದರೂ ಉಪಯೋಗ ಕಂಡದ್ದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. ಇದನ್ನು ನಾನು ಅವನಿಗೆ ಹೇಳುವ ಮೊದಲೇ ನಮ್ಮ ಪುಸ್ತಕ ಹೇಳಿತ್ತು: ಅಯಸ್ಕಾಂತ ಕಟ್ಟಿದ ಮೇಲೂ ಅಂಕಿ ಅಲುಗಿರಲಿಲ್ಲ.

ಆದರೆ ಆ ಅಂಕಿಯನ್ನಾದರೂ ಎಷ್ಟು ನಂಬುವುದು? ಐನೂರಕ್ಕೆ, ಸಾವಿರಕ್ಕೆ ಎಂದು ಸಿಕ್ಕ ಸಿಕ್ಕ ಬಂಕಿನಲ್ಲಿ ಡೀಸೆಲ್ ಹಾಕಿಸುತ್ತಿದ್ದರೆ ಮೈಲೇಜ್ ತಿಳಿಯುವುದಿಲ್ಲ. ಸೆಪ್ಟೆಂಬರಿನ ಎರಡು ವಾರ ಒಂದೇ ಬಂಕಿನ ಒಂದೇ ಪಂಪಿನಲ್ಲಿ, ಗಾಡಿಯನ್ನು ಸಮತಟ್ಟಾದ ಒಂದೇ ಜಾಗದಲ್ಲಿ ನಿಲ್ಲಿಸಿ, ಪಂಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ಫುಲ್ ಮಾಡಿಸಿ ಹೊರಡುವುದು, ಬಂದ ಮೇಲೆ ಅಲ್ಲಿಯೇ ಹಾಗೆಯೇ ಮತ್ತೆ ತುಂಬಿಸುವುದು ಎಂದು ನಿಯಮ ಮಾಡಿದೆವು. ಸರಾಸರಿ ಹೀಗೆ ಬಂತು: ಹೋಗಿಬರಲು ಮೀಟರಿನಲ್ಲಿ 294 ಕಿಲೋಮೀಟರ್, ಟ್ಯಾಂಕಿಗೆ ಹಿಡಿದದ್ದು 31.2 ಲೀಟರ್.

ಮೀಟರನ್ನೂ ಅನುಮಾನಿಸಬೇಕೆಂದು ನನಗೆ ಹೊಳೆದದ್ದು ಗಾಡಿಯ ಟೈರಿನ ಪಕ್ಕದಲ್ಲಿ ಬರೆದಿದ್ದ ಅಳತೆಯನ್ನು ಓದಿದಾಗ. ನಮ್ಮ ಗಾಡಿಯ ಮೂಲ ಅಳತೆ 215/75 ಆರ್ 15; ಹಿಂದಿನ ಮಾಲೀಕರ ಕಾಲದಿಂದಲೂ ಇರುವುದು 235/75 ಆರ್ 15. ಇದರಿಂದ ಚಕ್ರದ ವ್ಯಾಸ ಮೂರು ಸೆಂಟಿಮೀಟರ್ ಹೆಚ್ಚಾಗುತ್ತದೆ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರು ಮಾತ್ರ ಹಳೆಯ ಲೆಕ್ಕವನ್ನೇ ಬರೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಹೋದೆವು. 25 ಕಲ್ಲು ದಾಟಿದಾಗ ಮೀಟರಿನಲ್ಲಿ 24 ಮಾತ್ರ ಓಡಿತ್ತು. ಎಂದರೆ 294 ಎಂದದ್ದು ನಿಜದಲ್ಲಿ 306. ಒಂದು ನಟ್ಟನ್ನೂ ಬಿಚ್ಚದೆ ಮೈಲೇಜ್ 9.4ರಿಂದ 9.8ಕ್ಕೆ ಏರಿತು. ಡೀಸೆಲ್ ಏನೂ ಉಳಿಯಲಿಲ್ಲ, ನಿಜ. ಆದರೂ ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು.

ಆಯುಧಪೂಜೆಗೆ ಮೂರು ದಿನ ಮೊದಲು, ಸೆಪ್ಟೆಂಬರ್ 28ರ ಭಾನುವಾರ, ಗಾಡಿಯನ್ನು ಹೇಗೂ ತೊಳೆಸಬೇಕಲ್ಲ ಎಂದು ಬೆಳಿಗ್ಗೆಯೇ ಗ್ಯಾರೇಜಿಗೆ ತೆಗೆದುಕೊಂಡು ಹೋದೆವು. ಮೇಸ್ತ್ರಿ ಅರವತ್ತು ದಾಟಿದವರು, ಮಾತು ಕಡಿಮೆ. ಬಾನೆಟ್ ಎತ್ತುತ್ತಾರೆಂದು ನಾನು ಕಾಯುತ್ತಿದ್ದರೆ, ಅವರು ನೇರವಾಗಿ ನಾಲ್ಕೂ ಚಕ್ರಗಳ ನಡುವಿಗೆ ಒಂದೊಂದಾಗಿ ಕೈ ತಾಗಿಸುತ್ತ ಗಾಡಿಗೆ ಒಂದು ಸುತ್ತು ಬಂದರು. ಹಿಂದಿನ ಎಡ ಚಕ್ರದಿಂದ ಮಾತ್ರ ಕೈಯನ್ನು ಚಟ್ಟನೆ ಹಿಂದಕ್ಕೆಳೆದುಕೊಂಡರು.

“ಬರುವಾಗ ತುಂಬಾ ಬ್ರೇಕ್ ಹಿಡಿದೆಯೇನಪ್ಪ?” ಎಂದು ಹುಡುಗನನ್ನು ಕೇಳಿದರು.

“ಇಲ್ಲ ಮೇಸ್ತ್ರಿ, ರಸ್ತೆ ಖಾಲಿ ಇತ್ತು.”

“ಹಾಗಾದರೆ ಇದು ತಾನೇ ಹಿಡಿದುಕೊಂಡು ಬಂದಿದೆ.”

ಜಾಕ್ ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿದರು. ಬಲಗಡೆಯದು ಒಂದು ಸುತ್ತು ತಿರುಗಿ ನಿಂತಿತು. ಎಡಗಡೆಯದು ಕಾಲು ಸುತ್ತೂ ತಿರುಗದೆ ಗರಗರ ಎನ್ನುತ್ತ ಅಲ್ಲಿಯೇ ನಿಂತಿತು. ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆ ಹೊಲದ ಕೆಸರೆಲ್ಲ ಒಣಗಿ ಪುಡಿಯಾಗಿ ಕುಳಿತಿತ್ತು. ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು, ಎಳೆದರೆ ಬರುತ್ತಿತ್ತು, ಬಿಟ್ಟರೆ ಹಿಂದಕ್ಕೆ ಹೋಗುತ್ತಿರಲಿಲ್ಲ. ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ಒಂದು ಪಿಸ್ಟನ್ನೂ ಅರ್ಧಕ್ಕೆ ಕಚ್ಚಿಕೊಂಡಿತ್ತು. ಬ್ರೇಕ್ ಲೈನರ್ ಒಂದು ಬದಿ ಸವೆದು ತಗಡಿನಷ್ಟಾಗಿತ್ತು. ನೂರೈವತ್ತು ಕಿಲೋಮೀಟರ್ ದೂರವನ್ನು ನಾವು ಒಂದು ಕಾಲಿನಲ್ಲಿ ಬ್ರೇಕ್ ತುಳಿದುಕೊಂಡೇ ವಾರಕ್ಕೆರಡು ಸಲ ಓಡಿಸುತ್ತಿದ್ದೆವು ಎನ್ನುವುದು ಅಲ್ಲಿ ಕಣ್ಣಿಗೆ ಬಿತ್ತು. ಚಕ್ರ ಬಿಸಿಯಾಗುವುದು ಹುಡುಗನಿಗೆ ಮೊದಲೇ ಗೊತ್ತಿತ್ತಂತೆ. “ಲೋಡಿಗೆ ಕಾಯುತ್ತೆ ಅಂದುಕೊಂಡಿದ್ದೆ ಮಾವ” ಎಂದ.

ಎರಡನೆಯ ದೋಷವನ್ನು ಮೇಸ್ತ್ರಿ ಹಿಡಿದದ್ದು ಟೆಂಪರೇಚರ್ ಮುಳ್ಳನ್ನು ನೋಡಿ. ಇಂಜಿನ್ ಅಷ್ಟು ದೂರ ಓಡಿ ಬಂದಿದ್ದರೂ ಮುಳ್ಳು ಕೆಳಗಿನ ಗೆರೆಯ ಹತ್ತಿರವೇ ಮಲಗಿತ್ತು. ಅದನ್ನು ನಾನು ಇಷ್ಟು ದಿನ ಗಾಡಿಯ ಸದ್ಗುಣವೆಂದೇ ತಿಳಿದಿದ್ದೆ. ಮೇಸ್ತ್ರಿ ಹೋಸ್ ಬಿಚ್ಚಿ ತೋರಿಸಿದರೆ, ಥರ್ಮೋಸ್ಟಾಟ್ ವಾಲ್ವ್ ಇರಬೇಕಾದ ಗೂಡು ಬರಿದಾಗಿತ್ತು. ಹಿಂದೆ ಯಾವಾಗಲೋ ರೇಡಿಯೇಟರ್ ಕಟ್ಟಿಕೊಂಡು ಇಂಜಿನ್ ಕಾದಿರಬೇಕು. ರೇಡಿಯೇಟರ್ ಶುದ್ಧಮಾಡುವ ಬದಲು ಯಾರೋ ವಾಲ್ವನ್ನೇ ಕಿತ್ತುಹಾಕಿದ್ದಾರೆ. ಇದು ನಮ್ಮ ಕಡೆ ತೀರ ಸಾಮಾನ್ಯವಾದ ಉಪಾಯ. ಆದರೆ ಆ ವಾಲ್ವ್ ಇರುವುದೇ ನೀರು ಸುಮಾರು ಎಂಬತ್ತು ಡಿಗ್ರಿ ಮುಟ್ಟುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆದು ಇಂಜಿನ್ನನ್ನು ಬೇಗ ಬಿಸಿಗೆ ತರಲು. ಅದಿಲ್ಲದಿದ್ದರೆ ಇಂಜಿನ್ ಸದಾ ತಣ್ಣಗಿರುತ್ತದೆ, ಆಯಿಲ್ ಮಂದವಾಗಿಯೇ ಉಳಿದು ಘರ್ಷಣೆ ಹೆಚ್ಚುತ್ತದೆ, ಡೀಸೆಲ್ ಚೆನ್ನಾಗಿ ಉರಿಯುವುದಿಲ್ಲ. ರೇಡಿಯೇಟರಿಗೆ ರಾಡ್ ಹಾಕಿಸಿ ಶುದ್ಧಮಾಡಿಸಿ, ಕೂಲೆಂಟ್ ತುಂಬಿಸಿ, ಹೊಸ ವಾಲ್ವ್ ಕೂರಿಸಿದೆವು. ವಾಲ್ವಿಗೆ ಆದ ಖರ್ಚು ಅಯಸ್ಕಾಂತಕ್ಕಿಂತ ಕಡಿಮೆ.

ಏರ್ ಫಿಲ್ಟರಿನ ಮೇಲೆ ನನಗೆ ಬಹಳ ಭರವಸೆಯಿತ್ತು. ಅದು ಅಷ್ಟೇನೂ ಕೊಳೆಯಾಗಿರಲಿಲ್ಲ, ಆದರೂ ಬದಲಾಯಿಸಿದೆವು. ಹಿಂದಿನ ಎರಡು ಟೈರುಗಳಲ್ಲಿ ಗಾಳಿ ಇರಬೇಕಾದದ್ದಕ್ಕಿಂತ 12 ಪಿಎಸ್‌ಐ ಕಡಿಮೆಯಿತ್ತು. ಲೋಡ್ ಗಾಡಿಗೆ ಗಾಳಿ ಕಡಿಮೆಯಿದ್ದರೆ ಡೀಸೆಲಿಗಿಂತ ಮೊದಲು ಟೈರಿನ ಆಯಸ್ಸೇ ಮುಗಿಯುತ್ತದೆ ಎಂದು ಮೇಸ್ತ್ರಿ ಗದರಿದರು. ಸೀಟಿನ ಹಿಂದಿನಿಂದ ಎರಡು ಹಳೆಯ ಸ್ಪ್ರಿಂಗ್ ಪಟ್ಟೆಗಳು, ಒಂದು ಸರಪಳಿ, ಯಾವುದೋ ಟ್ರ್ಯಾಕ್ಟರಿನ ಕಬ್ಬಿಣ ಹೊರಬಂದವು.

ಇನ್ನುಳಿದದ್ದು ಓಡಿಸುವ ರೀತಿ. ಇದರಲ್ಲಿ ಮಾತ್ರ ಮನೆಯಲ್ಲಿ ಸ್ವಲ್ಪ ಜಗಳವೇ ಆಯಿತು. ಇಂಧನ ಉಳಿತಾಯಕ್ಕೆಂದೇ ಇರುವ ಕೇಂದ್ರದ ಸಂಸ್ಥೆ ಪಿಸಿಆರ್‌ಎ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿ ಎನ್ನುತ್ತದೆ. ನಮ್ಮ ಹುಡುಗ ಎಂಬತ್ತಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ವೇಗ ಹೆಚ್ಚಿದಂತೆ ಗಾಳಿಯ ಎದುರೊತ್ತಡ ಅದರ ವರ್ಗದಷ್ಟು ಹೆಚ್ಚುತ್ತದೆ, ಅದರಲ್ಲೂ ಖಾಲಿ ಕ್ರೇಟುಗಳನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಒಟ್ಟಿಕೊಂಡು, ಟಾರ್ಪಾಲನ್ನು ಪಟಪಟ ಹೊಡೆಯಲು ಬಿಟ್ಟು ಬರುವ ಗಾಡಿಗೆ. “ಅರ್ಧ ಗಂಟೆ ತಡವಾದರೆ ರೇಟು ಬಿದ್ದುಹೋಗುತ್ತೆ ಮಾವ, ಡೀಸೆಲ್ ಉಳಿಸಿ ಏನು ಮಾಡೋದು?” ಎಂದು ಅವನು ಕೇಳಿದ್ದು ಸುಳ್ಳಲ್ಲ. ಕೊನೆಗೆ ಅರ್ಧ ಗಂಟೆ ಮೊದಲೇ ಹೊರಟು ಅರವತ್ತರಲ್ಲಿ ಹೋಗುವುದು, ಬರುವಾಗ ಕ್ರೇಟುಗಳನ್ನು ಕ್ಯಾಬಿನ್ ಮಟ್ಟಕ್ಕೆ ಮೀರದಂತೆ ಜೋಡಿಸಿ ಹಗ್ಗ ಬಿಗಿಯುವುದು ಎಂದು ಒಪ್ಪಂದವಾಯಿತು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಚಾಳಿಯನ್ನೂ ಬಿಡಿಸಿದೆ. ಗೇರಿನಲ್ಲಿಯೇ ಇದ್ದು ಆಕ್ಸಿಲರೇಟರ್ ಪೆಡಲಿನಿಂದ ಕಾಲು ತೆಗೆದರೆ ಇಂಜಿನ್ನಿನ ಡೀಸೆಲ್ ಪಂಪಿನಲ್ಲಿರುವ ಗವರ್ನರ್ ಡೀಸೆಲನ್ನು ನಿಲ್ಲಿಸಿಬಿಡುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡಲಿಂಗ್‌ಗಾಗಿ ಡೀಸೆಲ್ ಸುಡುತ್ತಲೇ ಇರುತ್ತದೆ, ಮೇಲಾಗಿ ಒಂದೂಕಾಲು ಟನ್ ಲೋಡನ್ನು ಬ್ರೇಕೊಂದೇ ತಡೆಯಬೇಕು.

ಅಕ್ಟೋಬರಿನಲ್ಲಿ ಅದೇ ಬಂಕು, ಅದೇ ಪಂಪು, ಹೆಚ್ಚುಕಡಿಮೆ ಅಷ್ಟೇ ಲೋಡು. ನಾಲ್ಕು ಟ್ರಿಪ್ಪಿನ ಸರಾಸರಿ 26.6 ಲೀಟರ್ ಬಂತು. 306 ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಲೀಟರಿಗೆ ಹನ್ನೊಂದೂವರೆ. ಟ್ರಿಪ್ಪಿಗೆ ನಾನೂರಕ್ಕಿಂತ ಸ್ವಲ್ಪ ಹೆಚ್ಚು ರೂಪಾಯಿ ಉಳಿತಾಯ. ಎಲ್ಲವನ್ನೂ ಒಂದೇ ದಿನ ಮಾಡಿಸಿದ್ದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾರೆ. ನನ್ನ ಅಂದಾಜು ಬ್ರೇಕಿನ ಕಡೆಗೆ. ಮೇಸ್ತ್ರಿಯದು ವಾಲ್ವಿನ ಕಡೆಗೆ. ವೇಗವನ್ನು ಲೆಕ್ಕಕ್ಕೇ ಸೇರಿಸಬಾರದೆಂಬುದು ಅಕ್ಕನ ಮಗನ ವಾದ.

ಕುಣಿಗಲ್ ಕಡೆಯ ಏರಿನಲ್ಲಿ ಗಾಡಿ ಈಗಲೂ ಕಪ್ಪು ಹೊಗೆ ಬಿಡುತ್ತದೆ. ಇಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ನಾಸಲ್‌ಗಳನ್ನು ಬಿಚ್ಚಿ ಹಾಸನದ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಕೊಟ್ಟು ಪ್ರೆಷರ್ ನೋಡಿಸಬೇಕೆಂದು ಮೇಸ್ತ್ರಿ ಹೇಳಿದ್ದಾರೆ. ಅದಕ್ಕೆ ಗಾಡಿ ಎರಡು ದಿನ ನಿಲ್ಲಬೇಕಾಗುತ್ತದೆ; ಆಲೂಗಡ್ಡೆ ಲೋಡು ಮುಗಿಯಲಿ ಎಂದು ಕಾಯುತ್ತಿದ್ದೇನೆ.