ಕದ್ದು ತಂದ ಸತ್ಯದ ಲೆಕ್ಕ

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದ ದಿನಗಳಲ್ಲಿ ಒಂದು ಸಂಜೆ ನಮ್ಮ ವರದಿಗಾರನೊಬ್ಬ ಕಂದು ಲಕೋಟೆಯೊಂದನ್ನು ತಂದು ಸಂಪಾದಕರ ಮೇಜಿನ ಮೇಲಿಟ್ಟ. ಒಳಗಿದ್ದದ್ದು ಅಧಿಕಾರದಲ್ಲಿದ್ದ ವ್ಯಕ್ತಿಯೊಬ್ಬರ ಆಸ್ಪತ್ರೆ ಕಡತದ ಜೆರಾಕ್ಸ್ ಪ್ರತಿಗಳು. ಅವರು ಎರಡು ತಿಂಗಳಿನಿಂದ ಕಚೇರಿಗೆ ಬಂದಿರಲಿಲ್ಲ, ಕಾರಣವನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮೊದಲ ಹಾಳೆಯಲ್ಲಿ ಕಾಯಿಲೆಯ ಹೆಸರಿತ್ತು. ಎರಡನೆಯ ಹಾಳೆಯಲ್ಲಿ ರಕ್ತಪರೀಕ್ಷೆಯ ಅಂಕಿಗಳಿದ್ದವು. ಅದರ ಅಂಚಿನಲ್ಲಿ ಯಾರೋ ಬಾಲ್‌ಪೆನ್ನಿನಲ್ಲಿ ಮಗಳ ಫೋನ್ ನಂಬರು ಬರೆದು, ಕೆಳಗೆ ‘ರಾತ್ರಿ ಹತ್ತರ ನಂತರ ಮಾತ್ರ’ ಎಂದು ಗೀಚಿದ್ದರು. ಸಂಪಾದಕರು ಹಾಳೆಗಳನ್ನು ಬೋರಲು ಹಾಕಿದರು. ಯಾರು ಕೊಟ್ಟರು ಎಂದು ಕೇಳುತ್ತಾರೆಂದೇ ನಾವೆಲ್ಲ ಎಣಿಸಿದ್ದೆವು. ಅವರು ಕೇಳಿದ್ದು ಬೇರೆ: “ಇದು ಕೈಗೆ ಸಿಗುವ ಮೊದಲು ನಿನಗೆ ಏನು ಗೊತ್ತಿತ್ತು?”

ವರದಿಗಾರನ ಬಳಿ ಉತ್ತರವಿರಲಿಲ್ಲ. ಖಾಸಗಿತನವನ್ನು ಕಾಯುವ ಕಾನೂನನ್ನು ಪತ್ರಕರ್ತ ಎಂದಾದರೂ ಮುರಿಯಬಹುದೇ ಎಂಬ ಚರ್ಚೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು ಆ ಪ್ರಶ್ನೆಯೇ. ಮುರಿಯಬಹುದಾದ ಸಂದರ್ಭಗಳು ಇವೆ ಎಂದು ನಾನು ಒಪ್ಪುತ್ತೇನೆ. ಆದರೆ ಅವು ಪತ್ರಕರ್ತರು ಹೇಳಿಕೊಳ್ಳುವುದಕ್ಕಿಂತ ತೀರಾ ಕಡಿಮೆ. ಮತ್ತು ಮುರಿದದ್ದು ಸರಿಯೋ ತಪ್ಪೋ ಎಂಬುದನ್ನು ಕೊನೆಗೆ ಸಿಕ್ಕ ಸುದ್ದಿಯ ಗಾತ್ರದಿಂದ ಅಳೆಯಬಾರದು, ಬಾಗಿಲು ತೆರೆಯುವ ಮುನ್ನ ಕೈಯಲ್ಲಿದ್ದ ಆಧಾರದಿಂದ ಅಳೆಯಬೇಕು. ಕದ್ದ ಪೆಟ್ಟಿಗೆಯಲ್ಲಿ ಚಿನ್ನ ಸಿಕ್ಕಿತು ಎಂಬುದು ಕಳ್ಳತನಕ್ಕೆ ಸಮರ್ಥನೆಯಾಗುವುದಾದರೆ, ಏನೂ ಸಿಗದ ನೂರು ಪೆಟ್ಟಿಗೆಗಳ ಬೀಗ ಒಡೆದದ್ದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬ್ರಿಟನ್ನಿನ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆಯ ಕಥೆ ಆ ನೂರು ಪೆಟ್ಟಿಗೆಗಳ ಕಥೆ. ಅದನ್ನು ಫೋನ್ ಕದ್ದಾಲಿಕೆ ಎಂದು ಕರೆಯುವುದು ರೂಢಿಯಾದರೂ ಅಲ್ಲಿ ನಡೆದದ್ದು ಮಾತುಕತೆಯನ್ನು ನಡುವೆ ನುಗ್ಗಿ ಕೇಳುವ ಕೆಲಸವಲ್ಲ. ಮೊಬೈಲಿನ ಒಡೆಯರು ಕರೆ ಸ್ವೀಕರಿಸದಿದ್ದಾಗ ಧ್ವನಿಸಂದೇಶದ ಪೆಟ್ಟಿಗೆ ತೆರೆದುಕೊಳ್ಳುತ್ತದೆ; ಬಹಳಷ್ಟು ಜನ ಕಂಪನಿ ಕೊಟ್ಟ ಮೂಲ ಪಿನ್ ಸಂಖ್ಯೆಯನ್ನು ಬದಲಿಸಿಯೇ ಇರುವುದಿಲ್ಲ. ಆ ನಾಲ್ಕು ಅಂಕಿಗಳನ್ನು ಒತ್ತಿದರೆ ಸಾಕು, ಬೇರೆಯವರಿಗೆಂದು ಬಿಟ್ಟ ಮಾತುಗಳು ಕಿವಿಗೆ ಬೀಳುತ್ತವೆ. 2007ರಲ್ಲಿ ಆ ಪತ್ರಿಕೆಯ ಅರಮನೆ ವರದಿಗಾರ ಮತ್ತು ಒಬ್ಬ ಖಾಸಗಿ ಪತ್ತೇದಾರ ಜೈಲು ಸೇರಿದಾಗ, ಇದು ದಾರಿ ತಪ್ಪಿದ ಒಬ್ಬನ ಕೃತ್ಯ ಎಂದು ಪತ್ರಿಕೆ ಕೈತೊಳೆದುಕೊಂಡಿತು. 2002ರಲ್ಲಿ ಕಾಣೆಯಾಗಿ ಕೊಲೆಯಾದ 13 ವರ್ಷದ ಬಾಲಕಿಯ ಸಂದೇಶಪೆಟ್ಟಿಗೆಗೂ ಪತ್ರಿಕೆಯ ಕಡೆಯವರು ಕೈಹಾಕಿದ್ದರು ಎಂದು 2011ರ ಜುಲೈಯಲ್ಲಿ ‘ಗಾರ್ಡಿಯನ್’ ಬರೆದ ಮೇಲೆ ಒಬ್ಬನದೇ ಕೃತ್ಯ ಎಂಬ ಆ ಮಾತು ಬಿದ್ದುಹೋಯಿತು. 168 ವರ್ಷಗಳ ಪತ್ರಿಕೆ ಕೆಲವೇ ದಿನಗಳಲ್ಲಿ ಮುಚ್ಚಿಹೋಯಿತು. ಸಂದೇಶಗಳನ್ನು ಅಳಿಸಿದ್ದೂ ಪತ್ರಿಕೆಯವರೇ ಎಂಬ ಆಗಿನ ಆರೋಪ ಮುಂದೆ ದೃಢಪಡಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಇತರರ ತಪ್ಪನ್ನು ಬರೆಯುವಾಗ ನಮ್ಮ ಕೈಯೂ ನೆಟ್ಟಗಿರಬೇಕು. ಆದರೆ ಅಳಿಸಿರಲಿ ಬಿಡಲಿ, ಆ ಪೆಟ್ಟಿಗೆಗೆ ಕಿವಿಗೊಟ್ಟವರ ಮನಸ್ಸಿನಲ್ಲಿ ಯಾವ ನಿರ್ದಿಷ್ಟ ಅನ್ಯಾಯದ ಶಂಕೆಯೂ ಇರಲಿಲ್ಲ. ಅಲ್ಲಿದ್ದದ್ದು ಬಲೆ ಬೀಸಿ ನೋಡುವ ಚಟ. ಸಾರ್ವಜನಿಕ ಹಿತ ಎಂಬ ಪದವನ್ನು ಇಂಥದ್ದಕ್ಕೆ ಹೊದಿಸಲು ಹೋದವರೇ ಆ ಪದದ ಮಾನ ಕಳೆದರು.

ಇದರ ಪಕ್ಕದಲ್ಲಿ ಇನ್ನೊಂದು ಪ್ರಕರಣವನ್ನು ಇಟ್ಟು ನೋಡಿದಾಗ ವಿಷಯ ಅಷ್ಟು ಸಲೀಸಲ್ಲ ಎಂಬುದು ತಿಳಿಯುತ್ತದೆ. ಜಾನ್ ಡಾರ್ವಿನ್ ಎಂಬಾತ 2002ರ ಮಾರ್ಚಿನಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಪುಟ್ಟ ದೋಣಿಯೊಂದನ್ನು ಹುಟ್ಟು ಹಾಕುತ್ತ ಸಮುದ್ರಕ್ಕಿಳಿದು ಕಾಣೆಯಾದ. ಸತ್ತನೆಂದು ಎಲ್ಲರೂ ನಂಬಿದರು, ಅವನ ಮಕ್ಕಳೂ ನಂಬಿದರು. ಹೆಂಡತಿ ವಿಮೆಯ ಹಣ ಪಡೆದಳು. 2007ರ ಡಿಸೆಂಬರಿನಲ್ಲಿ ಆತನೇ ಲಂಡನ್ನಿನ ಪೊಲೀಸ್ ಠಾಣೆಯೊಂದಕ್ಕೆ ನಡೆದುಬಂದು ತನಗೆ ಹಿಂದಿನದೇನೂ ನೆನಪಿಲ್ಲ ಎಂದ. ಆಮೇಲೆ ಪನಾಮಾದಲ್ಲಿ ಗಂಡ ಹೆಂಡತಿ ನಗುತ್ತ ನಿಂತ 2006ರ ಫೋಟೊ ಹೊರಬಂತು. ವಿಚಾರಣೆಯಲ್ಲಿ ಹೆಂಡತಿ ಹಿಡಿದ ಹಾದಿ, ಎಲ್ಲವನ್ನೂ ಗಂಡನ ಬಲವಂತಕ್ಕೆ ಮಾಡಿದೆ ಎಂಬುದಾಗಿತ್ತು. ಸ್ಕೈ ನ್ಯೂಸ್ ವಾಹಿನಿಯ ವರದಿಗಾರ ತನ್ನ ಮೇಲಿನವರ ಒಪ್ಪಿಗೆ ಪಡೆದು ಡಾರ್ವಿನ್ನನ ಇ-ಮೇಲ್ ಖಾತೆಯೊಳಕ್ಕೆ ನುಗ್ಗಿದ. ಅಲ್ಲಿ ಸಿಕ್ಕ ಪತ್ರಗಳನ್ನು ವಾಹಿನಿ ಪೊಲೀಸರಿಗೆ ಒಪ್ಪಿಸಿತು. 2008ರ ಜುಲೈಯಲ್ಲಿ ದಂಪತಿಗೆ ತಲಾ ಆರು ವರ್ಷಕ್ಕೂ ಮೀರಿದ ಶಿಕ್ಷೆಯಾಯಿತು.

ಬೇರೊಬ್ಬರ ಖಾತೆಯೊಳಗೆ ಅನುಮತಿಯಿಲ್ಲದೆ ಇಣುಕುವುದು ಬ್ರಿಟನ್ನಿನಲ್ಲಿ ಕಂಪ್ಯೂಟರ್ ದುರ್ಬಳಕೆ ತಡೆಯ 1990ರ ಕಾಯ್ದೆಯ ಪ್ರಕಾರ ಅಪರಾಧ. ಸಾರ್ವಜನಿಕ ಹಿತಕ್ಕಾಗಿ ಮಾಡಿದೆ ಎಂದು ವಾದಿಸಲು ಆ ಕಾಯ್ದೆಯಲ್ಲಿ ಎಡೆಯೇ ಇಲ್ಲ. ಆದರೂ 2013ರಲ್ಲಿ ಪ್ರಾಸಿಕ್ಯೂಷನ್ ಇಲಾಖೆ ಮೊಕದ್ದಮೆ ಹೂಡುವುದಿಲ್ಲವೆಂದು ನಿರ್ಧರಿಸಿತು. ಅದೇ ವರ್ಷ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಕೂಡ, ಈ ಅಸಾಧಾರಣ ಸಂದರ್ಭದಲ್ಲಿ ಸಾರ್ವಜನಿಕ ಹಿತವೇ ಮೇಲು ಎಂದು ಕಂಡುಕೊಂಡಿತು. ಇಲ್ಲಿ ನಾನು ವರದಿಗಾರನ ಪರ. ಒಂದು ಮೋಸ ನಡೆದಿದೆ ಎಂಬುದು ಆಗಲೇ ಹೊರಬಿದ್ದಿತ್ತು, ಯಾವ ಖಾತೆಯಲ್ಲಿ ಏನನ್ನು ಹುಡುಕಬೇಕು ಎಂಬುದು ಆತನಿಗೆ ಗೊತ್ತಿತ್ತು, ಮೇಲಿನವರನ್ನು ಕೇಳಿಯೇ ಮುಂದುವರಿದಿದ್ದ, ಸಿಕ್ಕದ್ದನ್ನು ತನಿಖೆ ಮಾಡುವವರ ಕೈಗಿತ್ತ. ಆದರೂ ಎರಡು ವಿಷಯಗಳು ನನ್ನನ್ನು ಚುಚ್ಚುತ್ತವೆ. ಮೊದಲನೆಯದು, ಪೊಲೀಸರು ನ್ಯಾಯಾಲಯದ ಆದೇಶ ತಂದು ಅದೇ ಖಾತೆಯನ್ನು ತೆರೆಸಬಹುದಿತ್ತು. ಇನ್ನಾವ ದಾರಿಯೂ ಇರಲಿಲ್ಲ ಎಂಬ ವಾದ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಎರಡನೆಯದು, ಖಾತೆಗೆ ನುಗ್ಗಿದ್ದು ನಿಜ ಎಂದು ವಾಹಿನಿ ಬಹಿರಂಗವಾಗಿ ಒಪ್ಪಿಕೊಂಡದ್ದು 2012ರಲ್ಲಿ, ಅಂದರೆ ಸುಮಾರು ನಾಲ್ಕು ವರ್ಷಗಳ ನಂತರ, ಬೇರೆಯವರ ಪ್ರಶ್ನೆಗೆ ಉತ್ತರವಾಗಿ. ಮಾಡಿದ್ದು ಸರಿ ಎಂಬ ನಂಬಿಕೆ ಗಟ್ಟಿಯಾಗಿದ್ದರೆ ಸುದ್ದಿ ಬಿತ್ತರಿಸಿದ ದಿನವೇ ‘ಇದನ್ನು ಹೀಗೆ ಪಡೆದೆವು’ ಎಂದು ನೋಡುಗರ ಮುಂದೆ ಇಡಬಹುದಿತ್ತಲ್ಲ? ಮುರಿದದ್ದನ್ನು ಬಚ್ಚಿಡುವವನು ತನ್ನ ಸಮರ್ಥನೆಯನ್ನು ತಾನೇ ಅರ್ಧ ನಂಬುತ್ತಿದ್ದಾನೆ ಎಂದು ನನಗನ್ನಿಸುತ್ತದೆ.

ಸ್ವಿಟ್ಜರ್ಲೆಂಡಿನ ಪ್ರಕರಣವೊಂದು ಈ ವಿಷಯದಲ್ಲಿ ಹೆಚ್ಚು ಕಲಿಸುತ್ತದೆ. ಜೀವವಿಮೆ ದಲ್ಲಾಳಿಗಳು ಗಿರಾಕಿಗಳಿಗೆ ತಪ್ಪು ಸಲಹೆ ಕೊಡುತ್ತಿದ್ದಾರೆ ಎಂಬ ದೂರುಗಳನ್ನು ಬೆನ್ನುಹತ್ತಿದ ಗ್ರಾಹಕ ಕಾರ್ಯಕ್ರಮವೊಂದರ ತಂಡ 2003ರ ಫೆಬ್ರುವರಿಯಲ್ಲಿ ಒಂದು ಮನೆಯಲ್ಲಿ ಗುಪ್ತ ಕ್ಯಾಮೆರಾ ಅಳವಡಿಸಿ, ಗಿರಾಕಿಯ ಸೋಗಿನಲ್ಲಿ ಪತ್ರಕರ್ತೆಯೊಬ್ಬಳನ್ನು ಕೂರಿಸಿ ದಲ್ಲಾಳಿಯೊಬ್ಬನನ್ನು ಕರೆಸಿತು. ಮಾತು ಮುಗಿಯುತ್ತಿದ್ದಂತೆ ಪಕ್ಕದ ಕೋಣೆಯಿಂದ ಸಹೋದ್ಯೋಗಿ ಹೊರಬಂದು, ನಿಮ್ಮನ್ನು ಚಿತ್ರೀಕರಿಸಲಾಗಿದೆ, ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಆತ ನಿರಾಕರಿಸಿದ. ಪ್ರಸಾರದ ವೇಳೆ ಅವನ ಮುಖವನ್ನು ಗುರುತು ಸಿಗದಂತೆ ಮಸುಕುಗೊಳಿಸಿ ದನಿಯನ್ನೂ ಬದಲಿಸಿದ್ದರು. ಅಲ್ಲಿನ ನ್ಯಾಯಾಲಯಗಳು ನಾಲ್ವರು ಪತ್ರಕರ್ತರಿಗೆ ದಂಡ ವಿಧಿಸಿದವು. ಪ್ರಕರಣ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿ, 2015ರಲ್ಲಿ ಅದು ಪತ್ರಕರ್ತರ ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆಯಾಗಿದೆ ಎಂದು ತೀರ್ಪಿತ್ತಿತು. ದಲ್ಲಾಳಿಯನ್ನು ಚಿತ್ರೀಕರಿಸಿದ್ದು ಅವನೊಬ್ಬನ ನಡತೆಯನ್ನು ಟೀಕಿಸಲು ಅಲ್ಲ, ಒಂದು ವೃತ್ತಿಯ ಪರಿಪಾಠವನ್ನು ತೋರಿಸಲು ಎಂಬುದು ಅಲ್ಲಿ ಮುಖ್ಯವಾಯಿತು. ಮಸುಕಾದ ಆ ಮುಖ ನನಗೆ ಮುಖ್ಯವೆನಿಸುವುದು ಅದಕ್ಕಾಗಿಯೇ: ಕಾನೂನಿನ ಗೆರೆ ದಾಟಿದವರು ದಾಟಿದ ಮೇಲೂ ಆ ಕಾನೂನು ಯಾರನ್ನು ಕಾಯಲು ಬಂದದ್ದು ಎಂಬುದನ್ನು ಮರೆತಿರಲಿಲ್ಲ.

ಹಾಗೆಂದು ಪತ್ರಕರ್ತರಿಗೆ ಕಾನೂನಿನಿಂದ ವಿನಾಯಿತಿಯ ಚೀಟಿ ಬರೆದುಕೊಡಬೇಕೆಂದು ನಾನು ಹೇಳುವುದಿಲ್ಲ. ಇಂದು ಫೋನಿರುವ ಪ್ರತಿಯೊಬ್ಬನೂ ತಾನು ಪತ್ರಕರ್ತ ಎನ್ನಬಲ್ಲ, ಅಂಥವನನ್ನು ಅಲ್ಲವೆನ್ನುವ ಅಧಿಕಾರವನ್ನು ಸರಕಾರಕ್ಕೆ ಕೊಡುವುದು ಇನ್ನೂ ಅಪಾಯ. ನನಗೆ ಬೇಕಾದದ್ದು ಕಾಯ್ದೆಯ ಒಳಗೇ ಒಂದು ಬಾಗಿಲು: ಮುರಿದವನು ನ್ಯಾಯಾಲಯದಲ್ಲಿ ನಿಂತು, ಆ ಹೊತ್ತಿನಲ್ಲಿ ತನಗಿದ್ದ ನಂಬಿಕೆ ಸಕಾರಣವಾಗಿತ್ತೆಂದು ತೋರಿಸಲು ಅವಕಾಶ. ಬ್ರಿಟನ್ನಿನ 2018ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 170ನೇ ಸೆಕ್ಷನ್ ಇಂಥದ್ದೊಂದು ಬಾಗಿಲನ್ನು ಇಟ್ಟಿದೆ. ವೈಯಕ್ತಿಕ ಮಾಹಿತಿಯನ್ನು ಅಕ್ರಮವಾಗಿ ಪಡೆಯುವುದು ಅದರಲ್ಲಿ ಅಪರಾಧವೇ. ಆದರೆ ಪ್ರಕಟಣೆಯ ಉದ್ದೇಶವಿದ್ದು, ಸಾರ್ವಜನಿಕ ಹಿತದ ದೃಷ್ಟಿಯಿಂದ ಇದು ಸಮರ್ಥನೀಯವೆಂದು ಸಕಾರಣವಾಗಿ ನಂಬಿದ್ದೆ ಎಂದು ಪತ್ರಕರ್ತ ರುಜುವಾತು ಮಾಡಿದರೆ ಅದು ರಕ್ಷಣೆಯಾಗುತ್ತದೆ. ಯುರೋಪಿನ ದತ್ತಾಂಶ ನಿಯಮಾವಳಿಯ 85ನೇ ವಿಧಿ ಸದಸ್ಯ ದೇಶಗಳು ಖಾಸಗಿತನವನ್ನೂ ಪತ್ರಿಕಾವೃತ್ತಿಯನ್ನೂ ಹೊಂದಿಸಬೇಕೆಂದು ವಿಧಿಸುತ್ತದೆ. ಭಾರತದಲ್ಲಿ ಹಿಂದಿನ ಕರಡುಗಳಲ್ಲಿದ್ದ ಪತ್ರಿಕಾವೃತ್ತಿಯ ವಿನಾಯಿತಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಇಲ್ಲವಾಗಿದೆ. ಬಾಗಿಲಿಲ್ಲದ ಕಾಯ್ದೆಯಡಿ ಪತ್ರಕರ್ತ ಉಳಿಯುವುದು ಪ್ರಾಸಿಕ್ಯೂಟರನ ಕೃಪೆಯಿಂದ, ಸ್ಕೈ ನ್ಯೂಸ್ ಉಳಿದುಕೊಂಡ ಹಾಗೆ. ಮತ್ತು ಕೃಪೆ ಎಂಬುದು ಅಧಿಕಾರಸ್ಥರನ್ನು ನೋಯಿಸಿದ ಪತ್ರಕರ್ತನಿಗೆ ಸಿಗುವುದು ಕಷ್ಟ.

ಇನ್ನು, ಬೇರೊಬ್ಬ ಮುರಿದು ತಂದುಕೊಟ್ಟದ್ದನ್ನು ಪ್ರಕಟಿಸುವ ಪ್ರಶ್ನೆ. ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ಬಾರ್ಟ್‌ನಿಕಿ ಪ್ರಕರಣದಲ್ಲಿ ಇದನ್ನು ನೇರವಾಗಿ ಎದುರಿಸಿತು: ಯಾರೋ ಅಕ್ರಮವಾಗಿ ಧ್ವನಿಮುದ್ರಿಸಿದ ಫೋನ್ ಸಂಭಾಷಣೆಯನ್ನು ರೇಡಿಯೊದವನೊಬ್ಬ ಬಿತ್ತರಿಸಿದ್ದ, ಧ್ವನಿಮುದ್ರಿಸುವುದರಲ್ಲಿ ಅವನ ಪಾಲಿಲ್ಲ, ವಿಷಯ ಸಾರ್ವಜನಿಕ ಮಹತ್ವದ್ದು ಎಂಬ ಕಾರಣಕ್ಕೆ ನ್ಯಾಯಾಲಯ ಅವನನ್ನು ರಕ್ಷಿಸಿತು. ಫ್ರಾನ್ಸಿನ ‘ಲ ಕನಾರ್ ಆಂಶೆನೆ’ ವಾರಪತ್ರಿಕೆ 1989ರಲ್ಲಿ ಪ್ಯೂಜೊ ಕಾರು ಕಂಪನಿಯ ಮುಖ್ಯಸ್ಥ ಜಾಕ್ ಕಾಲ್ವೆಯ ತೆರಿಗೆ ಪತ್ರಗಳ ಭಾಗಗಳನ್ನು ಪ್ರಕಟಿಸಿದ್ದು, ಕಾರ್ಮಿಕರು ಕೂಲಿ ಹೆಚ್ಚಳಕ್ಕಾಗಿ ಹೋರಾಡುತ್ತಿದ್ದ ಸಮಯದಲ್ಲಿ. ಎರಡು ವರ್ಷಗಳಲ್ಲಿ ಆತನ ವೇತನ 45.9 ಶೇಕಡಾ ಏರಿತ್ತು. ಪತ್ರಕರ್ತರಿಗೆ ಫ್ರಾನ್ಸಿನಲ್ಲಿ ಶಿಕ್ಷೆಯಾದರೂ, 1999ರಲ್ಲಿ ಸ್ಟ್ರಾಸ್‌ಬರ್ಗಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಪತ್ರಕರ್ತರೂ ಸಾಮಾನ್ಯ ದಂಡ ಕಾನೂನಿಗೆ ತಲೆಬಾಗಬೇಕು ಎಂಬುದನ್ನು ಎತ್ತಿಹಿಡಿಯುತ್ತಲೇ, ಕಾಗದ ಗೋಪ್ಯವಾಗಿದ್ದರೂ ಅದರಲ್ಲಿದ್ದ ಆದಾಯದ ವಿವರ ಬೇರೆ ದಾರಿಯಲ್ಲಿ ಸಾರ್ವಜನಿಕರಿಗೆ ಲಭ್ಯವಿತ್ತು ಎಂಬುದನ್ನು ಗಣಿಸಿತು. ಖಾಸಗಿತನದ ಕಾನೂನನ್ನು ಮೊದಲು ಎತ್ತಿ ಹಿಡಿಯುವವರು ಹೆಚ್ಚಾಗಿ ಕಾಲ್ವೆಯಂಥವರು, ವಕೀಲರನ್ನು ಸಾಕುವ ಶಕ್ತಿಯಿರುವವರು. ಮುರಿದಾಗ ಪೆಟ್ಟು ತಿನ್ನುವವರು ಮಾತ್ರ ಹೆಚ್ಚಾಗಿ ಬದಿಯಲ್ಲಿ ನಿಂತವರು: ಡಾರ್ವಿನ್ನನ ಮಕ್ಕಳು, ತಂದೆಯ ಕಡತದ ಅಂಚಿನಲ್ಲಿ ನಂಬರಾಗಿ ಉಳಿದ ಮಗಳು. ಸಾರ್ವಜನಿಕ ಹಿತವನ್ನು ತೂಗುವಾಗ ಗುರಿಯಾದವನ ಹೆಸರನ್ನಷ್ಟೇ ತಕ್ಕಡಿಗೆ ಹಾಕಿ ಇವರನ್ನು ಹೊರಗಿಡುವುದು ಸುದ್ದಿಮನೆಗಳ ಹಳೆಯ ಚಾಳಿ.

ಆ ಸಂಜೆ ಕಡತ ಅಚ್ಚಾಗಲಿಲ್ಲ. ವರದಿಗಾರ ಮುನಿಸಿಕೊಂಡ, ಬೇರೆ ಪತ್ರಿಕೆಗೂ ಅದೇ ಲಕೋಟೆ ಹೋಗಿರುತ್ತದೆ ಎಂದ. ಸಂಪಾದಕರು ಅವನನ್ನು ಕೂರಿಸಿ, ಆ ಮನುಷ್ಯನ ಕಾಯಿಲೆ ಯಾವುದು ಎಂಬುದರ ಬದಲು, ಆತ ಇಲ್ಲದ ಎರಡು ತಿಂಗಳು ಆತನ ಹೆಸರಿನಲ್ಲಿ ಸಹಿ ಹಾಕುತ್ತಿರುವವರು ಯಾರು ಎಂದು ನೋಡು ಎಂದರು. ಅದಕ್ಕೆ ಯಾರ ಕಡತವನ್ನೂ ಕದಿಯಬೇಕಿರಲಿಲ್ಲ. ಹೊರಡಿಸಿದ ಆದೇಶಗಳು ಸಾರ್ವಜನಿಕ ದಾಖಲೆಗಳಾಗಿದ್ದವು, ಅವುಗಳ ಮೇಲಿನ ದಿನಾಂಕಗಳಿದ್ದವು, ಆ ದಿನಗಳಲ್ಲಿ ಆತ ಕಚೇರಿಯಲ್ಲಿ ಇರಲಿಲ್ಲ ಎಂದು ಹೇಳಬಲ್ಲ ನೌಕರರಿದ್ದರು. ಹನ್ನೊಂದು ದಿನ ಓಡಾಡಿ ಅವನು ತಂದ ವರದಿಯನ್ನು ನಾನೇ ತಿದ್ದಿದೆ. ಅದರಲ್ಲಿ ಕಾಯಿಲೆಯ ಹೆಸರು ಎಲ್ಲಿಯೂ ಇರಲಿಲ್ಲ, ‘ಅನಾರೋಗ್ಯ’ ಎಂಬ ಒಂದೇ ಪದವಿತ್ತು.

ಅಷ್ಟರಲ್ಲಿ ಇನ್ನೊಂದು ಪತ್ರಿಕೆ ರಕ್ತಪರೀಕ್ಷೆಯ ಹಾಳೆಯನ್ನೇ ಮುಖಪುಟದಲ್ಲಿ ಹಾಕಿಯಾಗಿತ್ತು. ಅಂಚಿನ ಫೋನ್ ನಂಬರನ್ನು ಅವರು ಅಳಿಸಿದ್ದರೋ ಎಂದು ನಾನು ಮೊದಲು ನೋಡಿದೆ. ಕೊನೆಯ ಎರಡು ಅಂಕಿಗಳ ಮೇಲೆ ಮಾತ್ರ ಕಪ್ಪು ಬಳಿದಿದ್ದರು. ನಮ್ಮ ವರದಿಗಿಂತ ಅದನ್ನೇ ಹೆಚ್ಚು ಜನ ಓದಿದರು.