ಎರಡು ತೋಳುಗಳ ಕಥೆ

ಶನಿವಾರ, 15 ನವೆಂಬರ್ 2025, ಬೆಂಗಳೂರು

ಎರಡು ದಿನದ ತರಬೇತಿಯಲ್ಲಿ ಇಂದು ಮೊದಲ ದಿನ. ಅರ್ಧ ಕೊಠಡಿ ನನ್ನಂಥ ವೈದ್ಯಕೀಯ ಬರಹಗಾರರು, ಇನ್ನರ್ಧ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಟ್ರಯಲ್ ನೋಡಿಕೊಳ್ಳುವ ಕೋಆರ್ಡಿನೇಟರ್‌ಗಳು. ಬೆಳಗ್ಗೆ ಔಷಧ ಪ್ರಯೋಗಗಳಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ರೂಪಿಸಿದ ಐಸಿಎಚ್ ಮಾರ್ಗಸೂಚಿಗಳು: ಟ್ರಯಲ್ ವರದಿಯ ಚೌಕಟ್ಟು ಹೇಳುವ ಇ3, ಟ್ರಯಲ್ ನಡೆಸುವ ರೀತಿ ಹೇಳುವ, ಕಳೆದ ಜನವರಿಯಲ್ಲಿ ಹೊಸ ರೂಪ ಪಡೆದ ಇ6. ಎಂಟು ವರ್ಷದಿಂದ ಇದರಲ್ಲೇ ಮುಳುಗಿರುವವಳಿಗೆ ಆಕಳಿಕೆ ತಡೆಯುವುದೇ ಕೆಲಸವಾಯಿತು.

ಊಟದ ನಂತರ, ಟ್ರಯಲ್‌ಗೆ ಸೇರುವ ಮುನ್ನ ರೋಗಿಗೆ ಓದಿ ಹೇಳುವ ಒಪ್ಪಿಗೆ ಪತ್ರದ ಸರದಿ. ಹೆಸರು ಅಳಿಸಿದ ಹದಿನಾಲ್ಕು ಪುಟದ ಕನ್ನಡ ಅನುವಾದವೊಂದನ್ನು ಎಲ್ಲರ ಕೈಗೂ ಕೊಟ್ಟರು. 'ವಿಷಯದಿಂದ 5 ಮಿ.ಲೀ. ರಕ್ತ ತೆಗೆಯಲಾಗುವುದು.' 'ನಿಮ್ಮನ್ನು ಯಾದೃಚ್ಛಿಕವಾಗಿ ಎರಡು ತೋಳುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು.' ಕೊಠಡಿಯೆಲ್ಲ ನಗು. ನಾನೂ ನಕ್ಕೆ, ಆಮೇಲೆ ಸುಮ್ಮನಾದೆ. ಪಾಪದ ಅನುವಾದಕನದೇನು ತಪ್ಪು? ಭಾಗವಹಿಸುವವರಿಗೆ 'ಸಬ್ಜೆಕ್ಟ್', ಚಿಕಿತ್ಸೆಯ ಗುಂಪಿಗೆ 'ಆರ್ಮ್' ಎಂದು ಇಂಗ್ಲಿಷ್‌ನಲ್ಲಿ ಬರೆದುಕೊಟ್ಟವರು ನಾವೇ. ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆ ಕೂಡ 1964ರಿಂದ ಹೊತ್ತು ತಂದ 'ಸಬ್ಜೆಕ್ಟ್' ಪದವನ್ನು ಬಿಟ್ಟದ್ದು 2024ರ ಪರಿಷ್ಕರಣೆಯಲ್ಲಿ.

ತೋಳಿನ ವಾಕ್ಯವನ್ನು ತಿದ್ದುವುದು ನಮ್ಮ ಗುಂಪಿನ ಪಾಲಿಗೆ ಬಂತು. 'ಚೀಟಿ ಎತ್ತಿದಂತೆ' ಎಂದು ಬರೆದು ನಾನು ಬೀಗುತ್ತಿದ್ದೆ. ಪಕ್ಕದಲ್ಲಿದ್ದ ಹುಬ್ಬಳ್ಳಿಯ ಕೋಆರ್ಡಿನೇಟರ್ ಓದಿ, "ಚೀಟಿ ಎತ್ತಿದರೆ ದುಡ್ಡು ಬರುತ್ತದೆ ಮೇಡಂ" ಎಂದರು. ಸರಿ, 'ನಾಣ್ಯ ಚಿಮ್ಮಿದಂತೆ' ಎಂದು ಬದಲಿಸಿದೆ. ಅದಕ್ಕೆ ತರಬೇತುದಾರರ ತಕರಾರು: ಈ ಅಧ್ಯಯನದಲ್ಲಿ ಹಂಚಿಕೆ ಎರಡಕ್ಕೆ ಒಂದು, ನಾಣ್ಯ ಸುಳ್ಳು ಹೇಳುತ್ತದೆ. ಯಾವ ಗುಂಪಿಗೆ ಬೀಳುವ ಸಾಧ್ಯತೆ ಎಷ್ಟು ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಹೇಳಲೇಬೇಕು. ಕೊನೆಗೆ ಉಳಿದದ್ದು ಇಷ್ಟು: 'ಸರಾಸರಿ ಮೂವರಲ್ಲಿ ಇಬ್ಬರಿಗೆ ಹೊಸ ಔಷಧ, ಒಬ್ಬರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದೆ. ನಿಮಗೂ ವೈದ್ಯರಿಗೂ ತಿಳಿದಿರುವುದಿಲ್ಲ.' ಯಾದೃಚ್ಛಿಕ ಎಂಬ ಪದ ಇಲ್ಲದೆಯೂ ಕೆಲಸ ನಡೆಯಿತು.

ಆಮೇಲೆ ಒಂದು ಸಣ್ಣ ನಾಟಕ. ಅದೇ ಕೋಆರ್ಡಿನೇಟರ್ ಅಕ್ಷರ ಬಾರದ ವೃದ್ಧೆಯಾಗಿ ನನ್ನೆದುರು ಕುಳಿತರು. ಪಕ್ಕದಲ್ಲಿ ನಿಯಮದಂತೆ ಒಬ್ಬ ನಿಷ್ಪಕ್ಷಪಾತ ಸಾಕ್ಷಿ. ನಾನು ಮೊದಲ ಪುಟ ಓದಿ ಮುಗಿಸುವ ಮೊದಲೇ ಪ್ರಶ್ನೆ ಬಂತು: "ಈಗ ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಕೇ ತಂಗಿ?" ಪುಟ ತಿರುವಿದೆ, ಇನ್ನೂ ತಿರುವಿದೆ. ಉತ್ತರ ಹನ್ನೊಂದನೆಯ ಪುಟದಲ್ಲಿತ್ತು, ಅದೂ ಅರ್ಧ ವಾಕ್ಯ. ಅಷ್ಟರಲ್ಲಿ ಎರಡನೆಯ ಪ್ರಶ್ನೆ: "ಬೇಡ ಎಂದರೆ ಡಾಕ್ಟರು ಸಿಟ್ಟಾಗುತ್ತಾರೇನು?" ನನ್ನ ಪತ್ರದಲ್ಲಿ 'ಭಾಗವಹಿಸುವಿಕೆ ಸಂಪೂರ್ಣ ಸ್ವಯಂಪ್ರೇರಿತ' ಎಂದಿತ್ತು. ಓದಿದೆ. ಅವರು ಸಾಕ್ಷಿಯ ಮುಖ ನೋಡಿದರು.

ಚಹಾ ಕುಡಿಯುವಾಗ ಹೇಳಿದರು, ವಾರ್ಡಿನಲ್ಲಿ ದಿನವೂ ಮೊದಲು ಬರುವುದು ಈ ಎರಡೇ ಪ್ರಶ್ನೆಗಳಂತೆ. ಎಂಟು ವರ್ಷದಲ್ಲಿ ಒಬ್ಬ ಕೋಆರ್ಡಿನೇಟರನ್ನೂ ನಾನು ಇದನ್ನು ಕೇಳಿರಲಿಲ್ಲ.

ರಾತ್ರಿ ಕುಳಿತು ಮಾತ್ರೆಯ ಸಾಲನ್ನು ಎರಡನೆಯ ಪುಟಕ್ಕೆ ತಂದು, ಕೆಳಗೆ 'ನೀವು ಬೇಡ ಎಂದರೂ ಈಗ ಸಿಗುತ್ತಿರುವ ಚಿಕಿತ್ಸೆ ನಿಲ್ಲುವುದಿಲ್ಲ' ಎಂದು ಸೇರಿಸಿದ್ದೇನೆ. ನಾಳೆ ಒಂಬತ್ತೂವರೆಗೆ ಅವರಿಗೇ ಮೊದಲು ತೋರಿಸಬೇಕು. ಸೋಮವಾರ ಕಚೇರಿಯ ಹಳೆಯ ಕಡತಗಳಲ್ಲಿ 'ತೋಳು' ಎಷ್ಟಿವೆ ಎಂದು ಹುಡುಕುವುದಿದೆ.