ಹಳ್ಳಿ ಹಳಿಯಾದ ಬಗೆ: ಪಿಕೋ ಬೋರ್ಡಿನ ಮೇಲೆ ಕನ್ನಡದ ಒತ್ತಕ್ಷರ

ನಾನು ಮಾಡುತ್ತಿರುವ ಪುಟ್ಟ ಆಟದ ಯಂತ್ರದಲ್ಲಿ ಮೂರು ವಾರಗಳಿಂದ ಕಾಡುತ್ತಿದ್ದ ದೋಷ ನಿನ್ನೆ ರಾತ್ರಿ ಕೊನೆಗೂ ಸಿಕ್ಕಿತು. ‘ತೀರ್ಥಹಳ್ಳಿ’ ಎಂಬ ಹೆಸರು ಅರ್ಕಾವೊತ್ತನ್ನೂ ಳಕಾರದ ಒತ್ತನ್ನೂ ತನ್ನ ತನ್ನ ಜಾಗದಲ್ಲಿಟ್ಟುಕೊಂಡು ಪರದೆಯ ಮೇಲೆ ಮೂಡಿದಾಗ ಆದ ಸಂತೋಷ ಆರುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ. ಬೆಸುಗೆ, ಗುಂಡಿಗಳ ಜೋಡಣೆ, ಬ್ಯಾಟರಿಯ ಚಾರ್ಜಿಂಗ್ ಸರ್ಕೀಟು ಎಲ್ಲರೂ ಮಾಡಿರುವಂಥವೇ ಆದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ.

ಯಂತ್ರ ಅಂಗೈಯಗಲದ್ದು. ರಾಸ್ಪ್‌ಬೆರಿ ಪೈ ಪಿಕೋ ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, 2.8 ಇಂಚಿನ ಬಣ್ಣದ ಪರದೆ, ಆರು ಗುಂಡಿ, ಒಂದು ಪುಟ್ಟ ಸ್ಪೀಕರ್, ಅಷ್ಟೇ. ಅದರ ಮೇಲೆ ಆಡಲೆಂದು ನಾನು ಬರೆಯುತ್ತಿರುವ ಆಟಕ್ಕೆ ‘ಅಂಚೆ ಚೀಲ’ ಎಂದು ಹೆಸರಿಟ್ಟಿದ್ದೇನೆ. ಮಳೆಗಾಲದ ಮಲೆನಾಡಿನಲ್ಲಿ ಸೈಕಲ್ ತುಳಿಯುತ್ತ ಹೊರಟ ಅಂಚೆಯಣ್ಣ ಪ್ರತಿಯೊಂದು ಕಾಗದದ ಮೇಲಿನ ವಿಳಾಸ ಓದಿ, ಕವಲುದಾರಿಯಲ್ಲಿ ಸರಿಯಾದ ಕಡೆಗೆ ತಿರುಗಿ, ಕತ್ತಲಾಗುವುದರೊಳಗೆ ಚೀಲ ಖಾಲಿ ಮಾಡಬೇಕು. ಆಟದ ಜೀವವೆಲ್ಲ ಓದಿನಲ್ಲಿದೆ. ಹೀಗಿರುವಾಗ ಒಂದು ಒತ್ತು ತಪ್ಪಿದರೂ ಆಡುವವರಿಗೆ ನಾನು ಅನ್ಯಾಯ ಮಾಡಿದಂತಾಗುತ್ತದೆ.

ಪಿಕೋದ ಆರ್‌ಪಿ 2040 ಚಿಪ್ಪಿನಲ್ಲಿರುವುದು 264 ಕಿಲೋಬೈಟ್ ರ‍್ಯಾಮ್, ಬೋರ್ಡಿನ ಮೇಲಿರುವುದು 2 ಮೆಗಾಬೈಟ್ ಫ್ಲ್ಯಾಶ್. 320×240 ಪರದೆಯ ಪ್ರತಿ ಬಿಂದುವಿಗೆ 2 ಬೈಟ್‌ನಂತೆ ಲೆಕ್ಕ ಹಾಕಿದರೆ ಫ್ರೇಮ್‌ಬಫರ್ (ಪರದೆಯ ಚಿತ್ರವನ್ನಿಡುವ ಜಾಗ) ಒಂದೇ 1,53,600 ಬೈಟ್ ನುಂಗುತ್ತದೆ. ಅರ್ಧಕ್ಕಿಂತ ಹೆಚ್ಚು ರ‍್ಯಾಮ್ ಅಲ್ಲಿಗೇ ಮುಗಿಯಿತು. ಪರದೆಗೆ ಮಾಹಿತಿ ಸಾಗಿಸುವ ಎಸ್‌ಪಿಐ ಸಂಪರ್ಕವನ್ನು 62.5 ಮೆಗಾಹರ್ಟ್ಸ್‌ನಲ್ಲಿ ಓಡಿಸಿದಾಗ ಇಡೀ ಪರದೆಯನ್ನು ಕಳುಹಿಸಲು ಸುಮಾರು 20 ಮಿಲಿಸೆಕೆಂಡು ಬೇಕು, ಅಂದರೆ ಸೆಕೆಂಡಿಗೆ 50 ಚಿತ್ರ. ಈ ಬಗೆಯ ಆಟಕ್ಕೆ ಅದು ಧಾರಾಳವಾಯಿತು.

ಪರದೆಯ ವಿಷಯ ಬಂದದ್ದರಿಂದ ಒಂದು ಮಾತು ಹೇಳಲೇಬೇಕು. ನಾನು ತರಿಸಿದ ಆನ್‌ಲೈನ್ ಅಂಗಡಿಯ ಪುಟದಲ್ಲಿ ಪರದೆಯನ್ನು ನಡೆಸುವ ಚಿಪ್ಪು ಐಎಲ್‌ಐ 9341 ಎಂದು ಸ್ಪಷ್ಟವಾಗಿ ಬರೆದಿತ್ತು. ಬಂದದ್ದು ಎಸ್‌ಟಿ 7789 ಇರುವ ಪರದೆ. ನೀಲಿಯ ಜಾಗದಲ್ಲಿ ಹಳದಿ, ಕಪ್ಪಿನ ಜಾಗದಲ್ಲಿ ಬಿಳಿ ಕಂಡಾಗಲೇ ಅದು ನನಗೆ ಗೊತ್ತಾಗಿದ್ದು. ಬಣ್ಣ ತಿರುಗಿಸುವ ಆದೇಶವೊಂದನ್ನು ಆರಂಭದಲ್ಲಿಯೇ ಕಳುಹಿಸಿದರೆ ಸರಿಹೋಗುತ್ತದೆ, ನಿಜ. ಆದರೆ ಸರಕಿನ ಮೇಲೆ ಒಂದು ಹೆಸರು ಬರೆದು ಇನ್ನೊಂದನ್ನು ಕಳುಹಿಸುವವರು, ಕೇಳಿದರೆ ‘ಎರಡೂ ಒಂದೇ ಸರ್’ ಎನ್ನುವವರು, ಹವ್ಯಾಸಿಗಳ ಎಷ್ಟು ಸಂಜೆಗಳನ್ನು ಹಾಳುಮಾಡುತ್ತಿದ್ದಾರೆ ಎಂಬುದನ್ನು ಒಮ್ಮೆಯಾದರೂ ಯೋಚಿಸಬೇಕು. ನನ್ನ ಮುಖ್ಯ ದೋಷದ ಹುಡುಕಾಟ ಒಂದು ವಾರ ದಾರಿ ತಪ್ಪಿದ್ದು ಈ ಪರದೆಯ ಮೇಲಿನ ಅನುಮಾನದಿಂದಲೇ.

ಇನ್ನು ಅಕ್ಷರದ ಸಂಗತಿ. ಪಿಕೋಗೆ ಸಿಗುವ ಸಾಮಾನ್ಯ ಗ್ರಾಫಿಕ್ಸ್ ಲೈಬ್ರರಿಗಳು ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ನಂಬಿಕೆಯ ಮೇಲೆ ನಿಂತಿವೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 128 ಸ್ಥಾನಗಳ ಒಂದು ವಿಭಾಗವಿದೆ, ಆದರೆ ಆ ಸ್ಥಾನಗಳಲ್ಲಿ ಒತ್ತಕ್ಷರಗಳು ಇಲ್ಲವೇ ಇಲ್ಲ. ‘ಳ್ಳಿ’ ಎಂದರೆ ಳ, ವಿರಾಮ, ಳ, ಗುಡಿಸು ಎಂಬ ನಾಲ್ಕು ಸಂಕೇತಗಳ ಸಾಲು. ಅವುಗಳಿಂದ ಮೇಲೊಂದು ‘ಳಿ’, ಕೆಳಗೊಂದು ಒತ್ತು ಮಾಡುವ ಕೆಲಸ ಫಾಂಟಿನೊಳಗಿನ ನಿಯಮಗಳದ್ದು ಮತ್ತು ಆ ನಿಯಮಗಳನ್ನು ಓದಿ ನಡೆಸುವ ತಂತ್ರಾಂಶದ್ದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರಲ್ಲಿಯೂ ಈ ಕೆಲಸ ಮಾಡುವುದು ಹಾರ್ಫ್‌ಬಜ್. ಅದನ್ನೂ ಪೂರ್ತಿ ಫಾಂಟನ್ನೂ ಪಿಕೋದೊಳಗೆ ತುರುಕುವುದಕ್ಕಿಂತ, ಆಟದ ಮಾತುಗಳೆಲ್ಲ ಮೊದಲೇ ಗೊತ್ತಿರುವುದರಿಂದ, ಜೋಡಣೆಯನ್ನೆಲ್ಲ ಕಂಪ್ಯೂಟರಿನಲ್ಲಿಯೇ ಮುಗಿಸಿಕೊಳ್ಳುವುದು ಲೇಸೆಂದು ನಿರ್ಧರಿಸಿದೆ. ಪೈಥಾನ್ ಸ್ಕ್ರಿಪ್ಟೊಂದು ಪ್ರತಿ ವಾಕ್ಯವನ್ನೂ ಹಾರ್ಫ್‌ಬಜ್‌ಗೆ ಕೊಟ್ಟು, ಬಂದ ಗ್ಲಿಫ್‌ಗಳನ್ನು (ಫಾಂಟಿನೊಳಗಿನ ಅಕ್ಷರರೂಪಗಳನ್ನು) ಫ್ರೀಟೈಪ್ ಎಂಬ ತಂತ್ರಾಂಶದಿಂದ ಚಿತ್ರಗಳಾಗಿಸಿ, ಪ್ರತಿಯೊಂದರ ಸಂಖ್ಯೆ, ಅಡ್ಡ ಸರಿತ (ಎಡಕ್ಕೋ ಬಲಕ್ಕೋ ಎಷ್ಟು ಸರಿಯಬೇಕೆಂಬುದು), ಸಾಲಿನ ಮೇಲಂಚಿನಿಂದ ಇರುವ ದೂರ ಇಷ್ಟನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. 24×24 ಬಿಂದುಗಳ ಗ್ಲಿಫ್‌ಗೆ ನಾಲ್ಕು ಮಟ್ಟದ ಬೂದುಬಣ್ಣ ಕೊಟ್ಟರೂ 144 ಬೈಟ್. ನಾನೂರು ಗ್ಲಿಫ್ ಆದರೂ 58 ಕಿಲೋಬೈಟ್ ಒಳಗೇ. ಇದೆಲ್ಲ ಫ್ಲ್ಯಾಶ್‌ನಲ್ಲಿರುವುದರಿಂದ ರ‍್ಯಾಮ್‌ಗೆ ಭಾರವೇ ಇಲ್ಲ.

ಲ್ಯಾಪ್‌ಟಾಪಿನ ಸಿಮ್ಯುಲೇಟರಿನಲ್ಲಿ ಎಲ್ಲವೂ ಮುತ್ತು ಪೋಣಿಸಿದಂತೆ ಬಂತು. ಅದೇ ಸಿ ಕೋಡು, ಅದೇ ಕಡತ. ಬೋರ್ಡಿಗೆ ಹಾಕಿದರೆ ಹಳ್ಳಿ ಹಳಿಯಾಯಿತು, ಕತ್ತೆ ಕತೆಯಾಯಿತು, ಬಳ್ಳಿ ಬಳಿಯಾಯಿತು. ‘ತೀರ್ಥಹಳ್ಳಿ’ಯಲ್ಲಿ ಅರ್ಕಾವೊತ್ತು ಇತ್ತು, ಳಕಾರದ ಒತ್ತು ಇರಲಿಲ್ಲ. ಒತ್ತು ಹೋದರೆ ಪದ ಅರ್ಧಂಬರ್ಧ ಕಾಣುವುದು ಒಂದು ಕಷ್ಟ; ಹೋದ ಮೇಲೂ ಪದ ಬೇರೆಯದೇ ಅರ್ಥದಲ್ಲಿ ಸಲೀಸಾಗಿ ಓದಿಸಿಕೊಂಡು ಹೋಗುವುದು ಅದಕ್ಕಿಂತ ದೊಡ್ಡ ಕಷ್ಟ. ಪರೀಕ್ಷೆ ಮಾಡುವಾಗ ಕಣ್ಣು ಅದನ್ನು ದಾಟಿ ಹೋಗಿಬಿಡುತ್ತದೆ.

ಮೊದಲು ಪರದೆಯ ಮೇಲೆ ಅನುಮಾನಪಟ್ಟು ಎಸ್‌ಪಿಐ ವೇಗ ಇಳಿಸಿದೆ, ತಂತಿಗಳನ್ನು ಗಿಡ್ಡ ಮಾಡಿದೆ. ಆಮೇಲೆ ಫಾಂಟು ಬದಲಿಸಿದೆ. ಗುಬ್ಬಿ ಹಾಕಿದೆ, ನೋಟೋ ಹಾಕಿದೆ. ಕಾಣೆಯಾಗುವ ಒತ್ತುಗಳ ಪಟ್ಟಿ ಕೊಂಚ ಬದಲಾಯಿತೇ ಹೊರತು ದೋಷ ಹೋಗಲಿಲ್ಲ. ಹಾರ್ಫ್‌ಬಜ್ ಕೊಟ್ಟ ಗ್ಲಿಫ್‌ಗಳ ಪಟ್ಟಿಯನ್ನು ಕೈಯಿಂದಲೇ ಎಣಿಸಿ ನೋಡಿದೆ, ಒಂದೂ ಕಡಿಮೆಯಿರಲಿಲ್ಲ.

ದಾರಿ ತೋರಿಸಿದ್ದು ಅಕ್ಕನ ಮಗಳು. ಶನಿವಾರ ಮಧ್ಯಾಹ್ನ ಯಂತ್ರ ಕೈಗೆತ್ತಿಕೊಂಡವಳು ಎರಡು ನಿಮಿಷ ಆಡಿ, ‘ಮಾಮ, ಇಲ್ನೋಡು, ಬಲಗಡೆ ಅಂಚಲ್ಲಿ ಏನೋ ಚೂರುಚೂರು ಬಿದ್ದಿದೆ’ ಎಂದಳು. ಅಲ್ಲಿಯವರೆಗೆ ಅವು ಪರದೆಯ ಕೊಳೆ, ಅಗ್ಗದ ಪರದೆಯ ಗುಣ ಎಂದುಕೊಂಡಿದ್ದೆ. ಭೂತಕನ್ನಡಿ ಹಿಡಿದು ನೋಡಿದರೆ ಅವು ಒತ್ತುಗಳು! ಒಂದು ತಕಾರದ ಒತ್ತು, ಅದರ ಕೆಳಗಿನ ಸಾಲಿನಲ್ಲಿ ಒಂದು ಳಕಾರದ ಒತ್ತು, ತಮ್ಮ ಅಕ್ಷರಗಳಿಂದ ಅಗಲಿ, ಸಾಲಿನ ಎತ್ತರ ಮಾತ್ರ ಸರಿಯಾಗಿ ಉಳಿಸಿಕೊಂಡು ಬಲ ಅಂಚಿನಲ್ಲಿ ನಿಂತಿದ್ದವು.

ಆಗ 16 ಬಿಂದುಗಳಿಗೊಂದರಂತೆ ಪರದೆಯ ತುಂಬ ಲಂಬ ಗೆರೆ ಎಳೆದು ‘ಹಳ್ಳಿ’ ಒಂದನ್ನೇ ಎಡ ಅಂಚಿನಲ್ಲಿ ಬರೆಸಿದೆ. ಒತ್ತು ಇರಬೇಕಾದದ್ದು 35ನೇ ಬಿಂದುವಿನಲ್ಲಿ, ಕಂಡದ್ದು 291ರಲ್ಲಿ. ವ್ಯತ್ಯಾಸ 256, ಒಂದು ಬೈಟ್ ಹಿಡಿಯಬಲ್ಲ ಬೆಲೆಗಳಷ್ಟೇ. ಈ ಸಂಖ್ಯೆ ಕಂಡ ಮೇಲೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಒತ್ತು ತನ್ನ ಮೇಲಿನ ಅಕ್ಷರದಡಿಗೆ ಸರಿಯಬೇಕಾದರೆ ಎಡಕ್ಕೆ, ಅಂದರೆ ಋಣ ದಿಕ್ಕಿಗೆ, ಸರಿಯಬೇಕು. ನನ್ನ ಕಡತದಲ್ಲಿ ಋಣ 7 ಎಂಬುದು ಒಂದು ಬೈಟ್‌ನಲ್ಲಿ, 256ರಿಂದ 7 ಕಳೆದು, 249 ಎಂದು ಕುಳಿತಿರುತ್ತದೆ. ಅದನ್ನು ಚಿಹ್ನೆಯಿರುವ ಸಂಖ್ಯೆಯೆಂದು ಓದಿದರೆ ಋಣ 7, ಚಿಹ್ನೆಯಿಲ್ಲದ್ದೆಂದು ಓದಿದರೆ 249. ನಾನು ಅದನ್ನು ಓದುತ್ತಿದ್ದುದು ಬರಿಯ ‘ಚಾರ್’ (ಸಿ ಭಾಷೆಯ ಒಂದು ಬೈಟಿನ ಪ್ರಕಾರ) ಎಂದು. ಸಿ ಭಾಷೆಯಲ್ಲಿ ಬರಿಯ ಚಾರ್‌ಗೆ ಚಿಹ್ನೆ ಇದೆಯೋ ಇಲ್ಲವೋ ಎಂಬುದನ್ನು ಭಾಷೆಯ ಮಾನಕ, ಕೋಡನ್ನು ಯಂತ್ರದ ಆದೇಶಗಳಾಗಿಸುವ ಕಂಪೈಲರಿಗೇ ಬಿಟ್ಟಿದೆ: ನನ್ನ ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರಿನ ಜಿಸಿಸಿ ಕಂಪೈಲರಿನಲ್ಲಿ ಚಿಹ್ನೆ ಉಂಟು, ಪಿಕೋಗೆ ಬಳಸುವ ಆರ್ಮ್ ಜಿಸಿಸಿಯಲ್ಲಿ ಇಲ್ಲ. ಹಳೆಯ ಆರ್ಮ್ ಪ್ರೊಸೆಸರುಗಳಲ್ಲಿ ಚಿಹ್ನೆಸಹಿತ ಬೈಟನ್ನು ನೇರವಾಗಿ ಓದುವ ಆದೇಶವೇ ಇರಲಿಲ್ಲ. ಅಂದಿನ ಅನುಕೂಲ ಇಂದಿಗೂ ಕಟ್ಟಳೆಯಾಗಿ ಉಳಿದಿದೆ.

ಇದರಿಂದ ಎಲ್ಲ ಲಕ್ಷಣಗಳಿಗೂ ಅರ್ಥ ಸಿಕ್ಕಿತು. ಪರದೆಯ ಅಗಲ 320 ಆದ್ದರಿಂದ ಮೊದಲ 64 ಬಿಂದುಗಳೊಳಗಿನ ಒತ್ತುಗಳು ಮಾತ್ರ ಬಲ ಅಂಚಿನಲ್ಲಿ ಕಾಣುತ್ತಿದ್ದವು, ಉಳಿದವು ಪರದೆಯಾಚೆಗೆ ಬಿದ್ದು ಮಾಯವಾಗುತ್ತಿದ್ದವು. ಅರ್ಕಾವೊತ್ತು ತನ್ನದೇ ಅಗಲ ಪಡೆದು ಅಕ್ಷರದ ಬಲಕ್ಕೆ ಬರುವಂಥದ್ದು, ಅದಕ್ಕೆ ಎಡಕ್ಕೆ ಸರಿಯುವ ಅಗತ್ಯವಿಲ್ಲ, ಆದ್ದರಿಂದ ಬಚಾವಾಯಿತು. ಫಾಂಟಿನಿಂದ ಫಾಂಟಿಗೆ ಪಟ್ಟಿ ಬದಲಾಗುತ್ತಿದ್ದುದು ಯಾವ ಒತ್ತನ್ನು ಎಷ್ಟು ಎಡಕ್ಕೆ ಕೂರಿಸಬೇಕೆಂಬುದರಲ್ಲಿ ಒಬ್ಬೊಬ್ಬ ವಿನ್ಯಾಸಕಾರರದು ಒಂದೊಂದು ಕ್ರಮವಾದ್ದರಿಂದ. ಪರಿಹಾರ ಒಂದೇ ಸಾಲಿನದು: ಚಾರ್ ತೆಗೆದು, ಚಿಹ್ನೆಸಹಿತ ಎಂಟು ಬಿಟ್ ಎಂದು ಸ್ಪಷ್ಟವಾಗಿ ಹೇಳುವ ಪ್ರಕಾರವನ್ನು ಹಾಕಿದೆ. 1999ರ ಸಿ ಮಾನಕದಿಂದಲೂ ಅದು ಲಭ್ಯವಿದೆ. ಸಂಖ್ಯೆಗಳನ್ನಿಡಲು ಬರಿಯ ಚಾರ್ ಬಳಸುವುದನ್ನು ನಾವೆಲ್ಲ ನಿಲ್ಲಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಇನ್ನೆರಡು ಬದಲಾವಣೆಗಳನ್ನೂ ಮಾಡಿದ್ದೇನೆ. ಸಿಮ್ಯುಲೇಟರನ್ನು ಈಗ ಚಾರ್‌ಗೆ ಚಿಹ್ನೆಯಿಲ್ಲವೆಂಬ ಆಯ್ಕೆಯೊಂದಿಗೇ ಕಂಪೈಲ್ ಮಾಡುತ್ತೇನೆ, ಹಾಗಾಗಿ ಈ ವಿಷಯದಲ್ಲಿ ಲ್ಯಾಪ್‌ಟಾಪೂ ಬೋರ್ಡಿನಂತೆಯೇ ನಡೆದುಕೊಳ್ಳುತ್ತದೆ. ಪರದೆಯಾಚೆಗೆ ಬಿದ್ದ ಬಿಂದುಗಳನ್ನು ಸದ್ದಿಲ್ಲದೆ ಕೈಬಿಡುತ್ತಿದ್ದ ಚಿತ್ರಣದ ಕೋಡು, ಪರೀಕ್ಷೆಯ ಆವೃತ್ತಿಯಲ್ಲಿ ಇಡೀ ಗ್ಲಿಫ್ ಆಚೆ ಬಿದ್ದರೆ ನಿಂತುಬಿಟ್ಟು ಅದರ ಸಂಖ್ಯೆ ಹೇಳುತ್ತದೆ. ಮೊದಲ ದಿನವೇ ಹೀಗೆ ಮಾಡಿದ್ದಿದ್ದರೆ ಮೂರು ವಾರ ಉಳಿಯುತ್ತಿತ್ತು.

ಈ ಮೂರು ವಾರಗಳ ನಡುವೆ ಮನಸ್ಸು ಇನ್ನೊಂದು ಕೆಲಸದತ್ತಲೂ ಓಡಿದೆ. ನಮ್ಮ ಮನೆಯ ಹಳೆಯ ಅಳಗುಳಿಮಣೆಯಲ್ಲಿ ಎರಡು ಸಾಲಿಗೆ ಏಳೇಳರಂತೆ 14 ಗುಳಿಗಳಿವೆ. ಹಲಸಿನ ಮರದಲ್ಲಿ ಅಂಥದೇ ಮಣೆ ಮಾಡಿಸಿ, ಪ್ರತಿ ಗುಳಿಯಡಿ ಒಂದು ಡಬ್ಲ್ಯುಎಸ್ 2812 ದೀಪವಿಟ್ಟು, ಕಾಯಿ ಬಿತ್ತುವ ದಿಕ್ಕು ತೋರಿಸುವ ಆಸೆಯಿದೆ. ಪೂರ್ಣ ಬಿಳಿಯಲ್ಲಿ ದೀಪಕ್ಕೆ 60 ಮಿಲಿಆಂಪಿಯರ್ ಎಂದರೂ ಒಟ್ಟು 840, ಮೊಬೈಲ್ ಚಾರ್ಜರೇ ಸಾಕು. ದೀಪಗಳನ್ನು 5 ವೋಲ್ಟ್‌ನಲ್ಲಿ ನಡೆಸಿದರೆ ಸಂಕೇತವೂ 3.5 ವೋಲ್ಟ್ ಮುಟ್ಟಬೇಕು, ಪಿಕೋ ಕೊಡುವುದು 3.3, ನಡುವೆ ಸಂಕೇತದ ವೋಲ್ಟೇಜ್ ಏರಿಸುವ 74ಎಎಚ್‌ಸಿಟಿ125 ಚಿಪ್ಪು ಹಾಕಬೇಕಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ನಾಲ್ಕು ತಂದಿಟ್ಟುಕೊಳ್ಳುತ್ತೇನೆ.

ಅಕ್ಷರಕ್ಕೆ ಮರಳುತ್ತೇನೆ. ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮವನ್ನು ಗ್ಲಿಫ್ ಲೆಕ್ಕದಲ್ಲಿ ಮಾಡಿದಾಗ ‘ಕೋ’ ಎಂಬುದು ಮೊದಲು ಕೆ, ಆಮೇಲೆ ಕೊ, ಕೊನೆಗೆ ಕೋ ಆಗಿ ಕಣ್ಣೆದುರೇ ರೂಪ ಬದಲಿಸುತ್ತಿತ್ತು. ಯಾವ ಗ್ಲಿಫ್‌ಗಳು ಒಂದೇ ಅಕ್ಷರಕ್ಕೆ ಸೇರಿದವೆಂದು ಹಾರ್ಫ್‌ಬಜ್ ಕೊಡುವ ಗುಂಪು ಸಂಖ್ಯೆಯನ್ನು ಆಧರಿಸಿ ಇದನ್ನು ಸರಿಪಡಿಸಿದೆ. ಇನ್ನೊಂದು ದೋಷ ನನ್ನ ಸ್ಕ್ರಿಪ್ಟಿನದು. ‘ಕಾಣದ ಕಸ’ವನ್ನು ಗುಡಿಸುವ ಸಾಲೊಂದು ಶೂನ್ಯ ಅಗಲದ ಸಂಕೇತಗಳನ್ನೆಲ್ಲ ಅಳಿಸಿಹಾಕುತ್ತಿತ್ತು. ಅವು ಕಸವಲ್ಲ, ಅಕ್ಷರಗಳು ಎಲ್ಲಿ ಹೇಗೆ ಕೂಡಬೇಕೆಂದು ಹೇಳುವ ಗುರುತುಗಳು. ಅವಿಲ್ಲದಿದ್ದರೆ ‘ಪೋಸ್ಟ್‌ಮ್ಯಾನ್’ ಹೋಗಿ ‘ಪೋಸ್ಟ್ಮ್ಯಾನ್’ ಆಗುತ್ತದೆ, ‘ರ‍್ಯಾಂಕ್’ನ ರಕಾರ ‘ಸೂರ್ಯ’ದಲ್ಲಿರುವಂತೆ ಅರ್ಕಾವೊತ್ತಾಗಿ ಹಿಂದೆ ಹೋಗಿ ಕೂರುತ್ತದೆ.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳ ಕಾಲ ನೆನಪಿರುವವರಿಗೆ ನಾನು ಮಾಡಿರುವುದು ಪರಿಚಿತವೆನಿಸಬಹುದು. ಆಗಲೂ ಒತ್ತು, ಕೊಂಬು, ದೀರ್ಘಗಳಿಗೆ ಒಂದೊಂದು ಸಂಕೇತವಿತ್ತು, ಕಾಣುವ ಕ್ರಮದಲ್ಲಿಯೇ ಅವು ಕಡತದಲ್ಲಿರುತ್ತಿದ್ದವು. ಜೋಡಿಸುವ ಶಕ್ತಿ ಯಂತ್ರಕ್ಕಿಲ್ಲದಾಗ ಅದೇ ಸರಿಯಾದ ದಾರಿ. ಅಂದಿನ ತೊಡಕು ಮೂಲ ಬರಹವೇ ಆ ರೂಪದಲ್ಲಿ ಉಳಿದುಬಿಟ್ಟದ್ದು. ಫಾಂಟು ಬದಲಾದರೆ ಓದಲಾಗದು, ಹುಡುಕಲಾಗದು. ಆದ್ದರಿಂದ ನನ್ನ ಆಟದ ಮಾತುಗಳೆಲ್ಲ ಯೂನಿಕೋಡ್ ಪಠ್ಯವಾಗಿಯೇ ಇವೆ, ಜೋಡಿಸಿದ ರೂಪ ಪ್ರತಿ ಬಾರಿ ಹೊಸದಾಗಿ ತಯಾರಾಗುತ್ತದೆ.

ದೊಡ್ಡ ಗೇಮ್ ಎಂಜಿನ್‌ಗಳಿಗೆ (ಆಟ ಕಟ್ಟಲು ಬಳಸುವ ತಂತ್ರಾಂಶಗಳಿಗೆ) ಮೊದಲೇ ಜೋಡಿಸಿಡುವ ಈ ವಿನಾಯಿತಿ ಸಲ್ಲದು. ಗೊಡೋ ಎಂಬ ಎಂಜಿನ್ನಿನ 3ನೇ ಆವೃತ್ತಿಯಲ್ಲಿ ಕನ್ನಡ ಬರೆದವರಿಗೆ ಒಡೆದ ಅಕ್ಷರಗಳೇ ಗತಿಯಾಗಿದ್ದವು. 2023ರಲ್ಲಿ ಬಂದ ಗೊಡೋ 4 ಹಾರ್ಫ್‌ಬಜ್ ಅನ್ನು ಒಳಗಿಟ್ಟುಕೊಂಡ ಮೇಲೆ ಕನ್ನಡದ ಸಂಭಾಷಣೆ ನೇರವಾಗಿ ಹಾಕಿದರೂ ಸರಿಯಾಗಿ ಬರುತ್ತದೆ. ಗಿಗಾಬೈಟ್‌ಗಟ್ಟಲೆ ರ‍್ಯಾಮ್ ಬೇಡುವ ಎಂಜಿನ್ನೊಂದು ಒತ್ತಕ್ಷರವನ್ನು ಹೆಚ್ಚುವರಿ ಪ್ಲಗಿನ್‌ಗೆ ಬಿಡುವುದು ನನಗಂತೂ ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಆಟ ಮಾಡಹೊರಟವರು ಎಂಜಿನ್ ಆರಿಸುವಾಗ ನೆರಳು, ಬೆಳಕು, ಭೌತಶಾಸ್ತ್ರ ನೋಡುವ ಮೊದಲು ‘ರಾಷ್ಟ್ರ’, ‘ಸ್ತ್ರೀ’, ‘ತೀರ್ಥಹಳ್ಳಿ’ ಈ ಮೂರು ಪದಗಳನ್ನು ಅದರಲ್ಲಿ ಬರೆಸಿ ನೋಡಲಿ.

ಸದ್ಯ ಉಳಿದಿರುವುದು ಸಾಲಿನ ಎತ್ತರ. 24 ಬಿಂದುಗಳ ಅಕ್ಷರಕ್ಕೆ ‘ಸ್ತ್ರೀ’ಯಂಥ ಎರಡೊತ್ತಿನ ಪದಗಳ ದೆಸೆಯಿಂದ 40 ಬಿಂದುಗಳ ಸಾಲು ಬೇಕಾಗಿದೆ, ಪರದೆಗೆ ಆರೇ ಸಾಲು. ಎರಡೊತ್ತು ಇಲ್ಲದ ಸಾಲುಗಳನ್ನು ಸ್ಕ್ರಿಪ್ಟಿನಲ್ಲಿಯೇ ಗುರುತಿಸಿ 34ಕ್ಕೆ ಇಳಿಸಿ ನೋಡುತ್ತಿದ್ದೇನೆ; ಏಳು ಸಾಲು ಹಿಡಿದರೆ ಒಂದು ಪೂರ್ತಿ ವಿಳಾಸ, ಪಿನ್‌ಕೋಡ್ ಸಮೇತ, ಒಂದೇ ಪರದೆಯಲ್ಲಿ ಕೂರುತ್ತದೆ.